ನಮ್ಮ ಮನೆಯಲ್ಲಿ ಏನೂ ಬಿದ್ದಿಲ್ಲ

ಬೋರನಪಾಳ್ಯ, ಮಾಗಡಿ ರಸ್ತೆ
ಬೆಂಗಳೂರು
22-2-2026, ಭಾನುವಾರ

ಜಯಶೀಲಾ,

ಚಿ. ಸೌ. ಎಂದು ಬರೆಯಲು ಹೋಗಿ ಕೈ ನಿಂತಿತು. ಗಗನಾ ಹುಟ್ಟುವ ಮುಂಚೆ ನೀನು ತೌರಿನಲ್ಲಿದ್ದಾಗ ಬರೆದ ಕಾಗದಗಳನ್ನೆಲ್ಲ ಹಾಗೆಯೇ ಶುರು ಮಾಡುತ್ತಿದ್ದೆ. ಈಗ ‘ಸೌ’ ಬಿಟ್ಟು ಬರೀ ‘ಚಿ’ ಎಂದರೆ ಬಿಟ್ಟಿದ್ದೇ ಎದ್ದು ಕಾಣುತ್ತದೆ. ಅದಕ್ಕೇ ಹೆಸರು ಮಾತ್ರ ಬರೆದೆ. ಇಲ್ಲಿ ನಾನೂ ನಿನ್ನ ಭಾವನೂ ಆರೋಗ್ಯವಾಗಿದ್ದೇವೆ. ಕೆಂಗೇರಿಯಲ್ಲಿ ನೀನೂ ಗಗನಾಳೂ ಚೆನ್ನಾಗಿದ್ದೀರಿ ಎಂದು ಅವರಿವರ ಬಾಯಿಂದ ಕೇಳುತ್ತಿರುತ್ತೇನೆ.

ಫೋನು ಮಾಡಬಹುದಿತ್ತು. ನೀನು ತೆಗೆಯುವುದಿಲ್ಲ, ಆ ಮಾತು ಬೇರೆ. ವಾಟ್ಸಾಪಿನಲ್ಲಿ ಬರೆದರೆ ನಾನೇ ಅಳಿಸಿಬಿಡುತ್ತೇನೆ. ಈ ತಿಂಗಳು ಎರಡು ಸಲ ಹಾಗೆ ಮಾಡಿದೆ, ಅಳಿಸಿದ ಗುರುತು ನಿನಗೂ ಕಂಡಿರಬೇಕು. ಆದ್ದರಿಂದ ಪೆನ್ನು ಹಿಡಿದಿದ್ದೇನೆ. ಆರೋಗ್ಯ ಕೇಂದ್ರದಲ್ಲಿ ಮೂವತ್ತೆರಡು ವರ್ಷ ಸಿಸ್ಟರ್ ಆಗಿ ರಿಜಿಸ್ಟರ್ ಬರೆದ ಕೈ ಇದು. ಅಲ್ಲಿ ಬರೆದದ್ದನ್ನು ಗೀಚಿ ಮುಚ್ಚುವ ಹಾಗಿರಲಿಲ್ಲ. ತಪ್ಪಾದರೆ ಓದಲು ಬರುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸಹಿ ಹಾಕಬೇಕಿತ್ತು. ಈ ಕಾಗದಕ್ಕೂ ಅದೇ ನಿಯಮ ಇಟ್ಟುಕೊಂಡಿದ್ದೇನೆ.

ಜನವರಿಯಲ್ಲಿ ಗಗನಾ ಇಲ್ಲಿಗೆ ಬಂದಿದ್ದಳು. ನಿನಗೆ ಹೇಳಿ ಬಂದಳೋ ಇಲ್ಲವೋ ನಾನು ಕೇಳಲಿಲ್ಲ. ಹೇಳದೆ ಬಂದಿದ್ದರೆ ಬೈಯಬೇಡ. ಹಿಂದಿನ ಕಾಲದಲ್ಲಿ ಪ್ಲೇಗು ಹರಡದಂತೆ ಜನ ಏನೇನು ಮಾಡುತ್ತಿದ್ದರು ಎಂದು ಬರೆದುಕೊಂಡು ಬರಲು ಕಾಲೇಜಿನಲ್ಲಿ ಹೇಳಿದ್ದಾರಂತೆ. ಉಳಿದ ಹುಡುಗಿಯರೆಲ್ಲ ಯೂರೋಪಿನದನ್ನು ಬರೆಯುತ್ತಿದ್ದಾರಂತೆ. ಹಡಗುಗಳನ್ನು ನಲವತ್ತು ದಿನ ದಡಕ್ಕೆ ಬಿಡದೆ ನಿಲ್ಲಿಸುತ್ತಿದ್ದದ್ದು, ಕಾಸನ್ನು ವಿನಿಗರಿನಲ್ಲಿ ಅದ್ದಿ ತೆಗೆದುಕೊಳ್ಳುತ್ತಿದ್ದದ್ದು, ಹಕ್ಕಿಯ ಕೊಕ್ಕಿನಂಥ ಮುಖವಾಡ ಹಾಕಿದ ಡಾಕ್ಟರು, ಹೀಗೆ. ಇವಳು ಮಾತ್ರ, “ದೊಡ್ಡಮ್ಮ, ನಮ್ಮೂರಲ್ಲೇ ಇದೆಯಲ್ಲ, ನಾನು ಅದನ್ನೇ ಬರೀತೀನಿ. ನೀವು ಹೇಳ್ತಾ ಹೋಗಿ” ಎಂದು ಫೋನನ್ನು ರೆಕಾರ್ಡಿಗೆ ಹಾಕಿ ನನ್ನ ಮುಂದೆ ಇಟ್ಟಳು. ಹಟ ಥೇಟ್ ಅವಳಪ್ಪ ವೆಂಕಟಸ್ವಾಮಿಯದೇ. ಅವಳು ಜಗುಲಿ ಮೇಲೆ ಕಾಲು ಇಳಿಬಿಟ್ಟು ಕೂತದ್ದನ್ನು ನೋಡಿ ನಿನ್ನ ಭಾವ ಒಳಗೆ ಎದ್ದುಹೋದರು.

ನಾನು ಹೇಳಿದ್ದರಲ್ಲಿ ಮುಕ್ಕಾಲು ಪಾಲು ನಿನಗೂ ಗೊತ್ತಿದೆ. ಆದರೂ ಅವಳಿಗೆ ಹೇಳಿದ ಕ್ರಮದಲ್ಲೇ ಬರೆಯುತ್ತೇನೆ. ಉಳಿದ ಕಾಲು ಪಾಲು ಬಂದಾಗ ನಿನಗೇ ತಿಳಿಯುತ್ತದೆ.

ಇಲಿ ಬಿದ್ದರೆ ಊರು ಬಿಡಬೇಕು. ಅದು ಮೊದಲ ಮಾತು. ಮನುಷ್ಯರಿಗೆ ಗೆಡ್ಡೆ ಎದ್ದ ಮೇಲೆ ಅಲ್ಲ, ಮನೆಯಲ್ಲಿ ಸತ್ತ ಇಲಿ ಕಂಡ ಕೂಡಲೇ. ಇಲಿಯ ಮೈಮೇಲಿನ ಚಿಗಟದ ವಿಷಯ ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಆದರೂ ಇಲಿ ಮೊದಲು, ಮನುಷ್ಯ ಆಮೇಲೆ ಎಂಬುದನ್ನು ಕಣ್ಣಾರೆ ಕಂಡು ತಿಳಿದಿದ್ದರು. ಹೆಂಚು ಸರಿಸಿ ಮನೆಯೊಳಗೆ ಬಿಸಿಲು ಬೀಳುವಂತೆ ಮಾಡಿ, ಬೀಗ ಹಾಕಿ, ಹೊಲಗಳಲ್ಲಿ ಸೋಗೆ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಒಂದು ಗುಡಿಸಲಿನ ಹೊಗೆ ಇನ್ನೊಂದಕ್ಕೆ ತಾಕಬಾರದು, ಅಷ್ಟು ದೂರ. ಮೊದಲ ಒಲೆ ನಮ್ಮ ದೊಡ್ಡಮನೆಯದು. ಅದರಿಂದ ಒಂದೊಂದು ಕೆಂಡ ಒಯ್ದು ಪ್ರತಿ ಮನೆಯವರೂ ತಮ್ಮ ಒಲೆ ಹೊತ್ತಿಸಿಕೊಳ್ಳಬೇಕು, ಆಮೇಲೆ ಯಾರ ಗುಡಿಸಲಿಗೂ ಯಾರೂ ಹೋಗುವ ಹಾಗಿಲ್ಲ. ದಾರಿಗೆ ಜಾಲಿ ಮುಳ್ಳು ಅಡ್ಡ. ಪೇಟೆಯಿಂದ ಬಂದವರು, ಸ್ವಂತ ಮಗನೇ ಆಗಲಿ, ಗಡಿಕಲ್ಲಿನ ಆಚೆ ಚಪ್ಪರದಲ್ಲಿ ಹತ್ತು ದಿನ ಇದ್ದು ಒಳಗೆ ಬರಬೇಕು.

ಎಲ್ಲವೂ ಬುದ್ಧಿವಂತಿಕೆಯೇ ಆಗಿರಲಿಲ್ಲ ಎಂದೂ ಹೇಳಿದೆ. ಸರ್ಕಾರದವರು ಸೂಜಿ ಹಾಕಲು ಬಂದರೆ ಇಡೀ ಊರು ತೊಗರಿ ಹೊಲ ಸೇರುತ್ತಿತ್ತಂತೆ. ಮಾರಮ್ಮನನ್ನು ಪುಟ್ಟ ಗಾಡಿಯಲ್ಲಿ ಕೂರಿಸಿ ಪಕ್ಕದೂರಿನ ಎಲ್ಲೆಯಲ್ಲಿ ಬಿಟ್ಟು ಬರುತ್ತಿದ್ದರಂತೆ, ಅವರು ಅದನ್ನು ಅದರಾಚೆಯ ಊರಿಗೆ ತಳ್ಳುತ್ತಿದ್ದರಂತೆ. ಗಗನಾ ಬಿದ್ದು ಬಿದ್ದು ನಕ್ಕಳು. ನಮ್ಮ ಬೀದಿಯವರು ಕಸದ ಚೀಲವನ್ನು ಸ್ಕೂಟರಿನಲ್ಲಿಟ್ಟುಕೊಂಡು ಪಕ್ಕದ ವಾರ್ಡಿನ ಮೂಲೆಗೆ ಎಸೆದು ಬರುವುದೂ ಅದೇ ಪದ್ಧತಿ ಕಣೇ ಎಂದೆ.

ಆಮೇಲೆ ಮೊರದ ವಿಷಯ ಬಂತು. ಊರು ಬಿಡುವ ಬೆಳಿಗ್ಗೆ ಪ್ರತಿ ಮನೆಯ ಹಿರಿಯ ಹೆಂಗಸು ಮೊರ ಹಿಡಿದು ಗಡಿಕಲ್ಲಿನ ಮುಂದೆ ನಿಲ್ಲಬೇಕು. ಸತ್ತ ಇಲಿಯನ್ನು ಕೈಯಿಂದ ಮುಟ್ಟದೆ ಎತ್ತುತ್ತಿದ್ದದ್ದು ಮೊರದಲ್ಲೇ. ಬಿದ್ದಿದ್ದರೆ ಅದನ್ನು ಮೊರದಲ್ಲಿ ತಂದು ತೋರಿಸಿ, “ನಮ್ಮನೇಲಿ ಬಿದ್ದಿದೆ” ಅನ್ನಬೇಕು. ಬಿದ್ದಿರದಿದ್ದರೆ ಖಾಲಿ ಮೊರ ತೋರಿಸಿ, “ನಮ್ಮನೇಲಿ ಏನೂ ಬಿದ್ದಿಲ್ಲ” ಅನ್ನಬೇಕು. ಬಿದ್ದಿದೆ ಎಂದವರನ್ನು ಯಾರೂ ಬೈಯುವ ಹಾಗಿಲ್ಲ. ಅವರ ಗುಡಿಸಲು ಎಲ್ಲರಿಗಿಂತ ದೂರ. ಆದರೆ ಹತ್ತು ದಿನವೂ ಉಳಿದ ಮನೆಗಳವರು ಸರದಿಯ ಮೇಲೆ ಬೇಯಿಸಿ, ಊಟವನ್ನು ಗಡಿಕಲ್ಲಿನ ಮೇಲಿಟ್ಟು, ಕೂಗಿ ಹೇಳಿ ಬರಬೇಕು. ನಿಜ ಹೇಳಿದವರ ಒಲೆ ಹತ್ತು ದಿನ ಹೊತ್ತಬಾರದು ಎಂದು ಕಟ್ಟಳೆ.

ಈಗ ಐದು ವರ್ಷಕ್ಕೊಮ್ಮೆ, ಯುಗಾದಿಗೆ ಹಿಂದಿನ ಮಂಗಳವಾರ, ಬೆಳಿಗ್ಗೆಯಿಂದ ಸಂಜೆಯವರೆಗೆ ನಾವು ಮಾಡುವುದು ಅದರ ನೆನಪು. ಮೊರ ಇದೆ, ಮಾತೂ ಇದೆ. ಆದರೆ ನನಗೆ ತಿಳಿದ ಮಟ್ಟಿಗೆ, ಬಿದ್ದಿದೆ ಎಂದು ಯಾರೂ ಯಾವತ್ತೂ ಹೇಳಿಲ್ಲ. ಹೇಳುತ್ತಾ ಹೇಳುತ್ತಾ ನನಗೇ ಇನ್ನೊಂದು ಹೊಳೆಯಿತು. ಹೊಲಗಳೆಲ್ಲ ಗಾರ್ಮೆಂಟ್ಸು, ಲೇತ್ ಶೆಡ್ಡು, ಬಾಡಿಗೆ ಮನೆ ಆದ ಮೇಲೆ ನಾವು ಗುರುಬಸಪ್ಪನವರ ಕಲ್ಯಾಣ ಮಂಟಪ ಹಿಡಿದೆವು. ಒಬ್ಬರಿಂದೊಬ್ಬರು ದೂರ ಹೋಗಲೆಂದು ಊರು ಬಿಟ್ಟವರ ಮಕ್ಕಳು ಮೊಮ್ಮಕ್ಕಳಾದ ನಾವು ಊರು ಬಿಟ್ಟು ಒಂದೇ ಹಾಲಿನಲ್ಲಿ, ಒಂದೇ ಒಲೆಯ ಅಡುಗೆ ಉಣ್ಣುತ್ತೇವೆ. ಬೀಗ ಹಾಕುವುದನ್ನು ಉಳಿಸಿಕೊಂಡೆವು, ಬೀಗ ಯಾಕೆ ಹಾಕಿದರೆಂಬುದನ್ನು ಬಿಟ್ಟೆವು. ನಾನು ಆರೋಗ್ಯ ಇಲಾಖೆಯವಳು, ನನಗಾದರೂ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಗಗನಾ ಫೋನಿನ ರೆಕಾರ್ಡಿಂಗ್ ನಿಲ್ಲಿಸಿದಳು. ನಿಲ್ಲಿಸಿ ಕೇಳಿದಳು: “ದೊಡ್ಡಮ್ಮ, ಆ ಸಲ ಯಾರಾದ್ರೂ ಒಬ್ರು ಬಿದ್ದಿದೆ ಅಂದಿದ್ರೆ ಅಪ್ಪ ಉಳೀತಿದ್ರಾ?”

ನಾನು, “ಕಾಫಿ ಆರ್ತಾ ಇದೆ, ಕುಡಿ” ಎಂದೆ. ಆವತ್ತಿನಿಂದ ಇವತ್ತಿಗೆ ಮೂವತ್ತೈದು ದಿನ. ಆ ಪ್ರಶ್ನೆಗೆ ಉತ್ತರ ಈ ಕಾಗದ. ಮೊದಲು ನಿನಗೆ ಬರೆಯುತ್ತಿದ್ದೇನೆ, ಅವಳಿಗೆ ಎಷ್ಟು ಹೇಳಬೇಕೋ ನೀನು ನೋಡಿಕೋ.

ಮೊದಲು ಹಳೆಯದೊಂದು. ಇದನ್ನು ದೊಡ್ಡಮನೆಯ ಹಿರಿಸೊಸೆಗೆ ಮಾತ್ರ ಹೇಳುವುದು ವಾಡಿಕೆ, ಹಾಗಾಗಿ ನಿನಗೆ ಯಾರೂ ಹೇಳಿಲ್ಲ. ಪ್ರತಿ ಸಲ ಒಲೆ ಹೊತ್ತಿಸಿದ ಮೇಲೆ ಪೇಟೆ ಸಣ್ಣಮ್ಮನ ಕಥೆ ಹೇಳುತ್ತಾರಲ್ಲ, ಪೇಟೆಯಿಂದ ಸೀರೆ ಗಂಟು ತಂದು, ಗಂಟಿನಲ್ಲಿ ಪ್ಲೇಗನ್ನೂ ತಂದು, ಊರಿನ ಇಪ್ಪತ್ತಾರು ಜನರನ್ನು ತಿಂದವಳು ಎಂದು? ಅದು ಸುಳ್ಳು. ನನ್ನ ಮದುವೆಯಾದ ವರ್ಷ, ನಿನ್ನ ಭಾವನ ಅಜ್ಜಿ ಬೋರಮ್ಮನವರು, ತಲೆಗೆ ಎಣ್ಣೆ ಒತ್ತಿಸಿಕೊಳ್ಳುತ್ತಾ ಹೇಳಿದರು. ಇಲಿ ಮೊದಲು ಬಿದ್ದದ್ದು ನಮ್ಮ ಮನೆಯ ಹಗೇವಿನಲ್ಲಿ. ಸುಗ್ಗಿಯ ರಾಗಿಯನ್ನು ಆಗಷ್ಟೇ ಆ ನೆಲದೊಳಗಿನ ಕಣಜಕ್ಕೆ ಇಳಿಸಿದ್ದರು. ಬಿದ್ದಿದೆ ಎಂದರೆ ಆವತ್ತೇ ಊರು ಬಿಡಬೇಕು, ರಾಗಿ ಕಾಯುವವರಿಲ್ಲ. ದೊಡ್ಡಮನೆಯ ಆಗಿನ ಯಜಮಾನರು ಹನ್ನೊಂದು ಇಲಿಗಳನ್ನು ತಿಪ್ಪೆಯಲ್ಲಿ ಹೂಳಿಸಿ ನಾಲ್ಕು ದಿನ ಬಾಯಿ ಬಿಡಲಿಲ್ಲ. ನಾಲ್ಕನೆಯ ದಿನ ಸಣ್ಣಮ್ಮ ಪೇಟೆಯಿಂದ ಬಂದಳು. ಐದನೆಯ ದಿನ ಮೊದಲ ಹೆಣ ಬಿತ್ತು. ಗಂಟು ಅವಳ ತಲೆಗೆ ಕಟ್ಟುವುದು ಸುಲಭವಾಯಿತು. ಅವಳನ್ನು ಹಳ್ಳದಾಚೆಗೆ ಅಟ್ಟಿದರು, ಗಡಿಕಲ್ಲಿನ ಮೇಲೆ ಅವಳಿಗೆ ಯಾರೂ ಊಟ ಇಡಲಿಲ್ಲ. ಆಮೇಲೆ ಅವಳೇನಾದಳೋ ಬೋರಮ್ಮಜ್ಜಿಗೂ ಗೊತ್ತಿರಲಿಲ್ಲ.

ಮೊರದ ಕಟ್ಟಳೆ ಶುರುವಾದದ್ದು ಆಮೇಲೆ. ಯಜಮಾನರ ಹೆಂಡತಿಯೇ ಅದನ್ನು ಹಿಡಿದು ಮಾಡಿಸಿದ್ದಂತೆ, ಮೊದಲ ಮೊರ ನನ್ನ ಮನೆಯದೇ ಇರಲಿ ಎಂದು. ನಮ್ಮ ಮನೆ ಮೊದಲು ನಿಲ್ಲುವುದು ಮರ್ಯಾದೆಗೆ ಎಂದು ಊರು ತಿಳಿದಿದೆ. ಮೊದಲು ನಿಲ್ಲುವುದು ನಾವು ಮುಚ್ಚಿಟ್ಟವರು ಎಂಬ ಕಾರಣಕ್ಕೆ. “ಮೊರ ಹಿಡ್ಕೊಂಡು ಸುಳ್ಳು ಮಾತ್ರ ಹೇಳ್ಬ್ಯಾಡ ಕಣವ್ವ” ಎಂದು ಅಜ್ಜಿ ನನ್ನ ಕೈ ಮೇಲೆ ಕೈ ಇಟ್ಟು ಹೇಳಿದ್ದರು. ಇದೆಲ್ಲ ಗೊತ್ತಿದ್ದೂ ನಾನು ಮಾಡಿದ್ದನ್ನು ಈಗ ಬರೆಯುತ್ತೇನೆ.

2020ರ ಜೂನ್ ನಿನಗೆ ನೆನಪಿದೆ. ವೆಂಕಟಸ್ವಾಮಿಯ ನಾಯಂಡಹಳ್ಳಿ ಗೋಡೌನಿನಲ್ಲಿ ಲೋಡಿಂಗ್ ಮಾಡುವ ಒಬ್ಬರಿಗೆ ಕೊರೊನಾ ಬಂತೆಂದು ನಿಮ್ಮ ಮನೆ ಬಾಗಿಲಿಗೆ ಕ್ವಾರಂಟೈನ್ ಚೀಟಿ ಅಂಟಿಸಿದವಳು ನಾನೇ. ಬೀದಿಯ ತುದಿಗೆ ತಗಡು ಹೊಡೆದರು. ಒಂದೇ ಗೋಡೆಯ ಆಚೆ ಈಚೆ ಇರುವ ವಾರಗಿತ್ತಿಯ ಬಾಗಿಲಿಗೆ ಚೀಟಿ ಅಂಟಿಸುವಾಗ ಅಂಟು ಸರಿಯಾಗಿ ಹಿಡಿಯಲೇ ಇಲ್ಲ. ನೀನು ಕಿಟಕಿಯಿಂದ, “ಪರವಾಗಿಲ್ಲ ಅಕ್ಕ, ಮೂಲೆ ಒತ್ತಿ, ಹಾರೋಗುತ್ತೆ” ಎಂದೆ. ಹದಿನಾಲ್ಕು ದಿನ ನೀವು ಹೊಸ್ತಿಲು ದಾಟಲಿಲ್ಲ. ಹಾಗೆ ನಾನು ಆ ವರ್ಷ ಇನ್ನೂರು ಬಾಗಿಲಿಗಾದರೂ ಅಂಟಿಸಿರಬೇಕು. ಕೆಲವರು ಬೈದರು, ಒಬ್ಬಳು ಬಚ್ಚಲು ನೀರು ಎರಚಿದಳು. ನಾನು ಬೀದಿಯಲ್ಲಿ ಬಂದರೆ ಮಕ್ಕಳು “ಚೀಟಿ ಆಂಟಿ” ಎಂದು ಓಡುತ್ತಿದ್ದರು. ನೋಡೋಣ, ಒಂದು ದಿನ ಇವಳ ಬಾಗಿಲಿಗೂ ಅಂಟಲಿ ಎಂದು ಅಂಗಡಿಯ ಮುಂದೆ ಆಡಿದ್ದು ನನ್ನ ಕಿವಿಗೂ ಬಿದ್ದಿತ್ತು.

2021ರ ಏಪ್ರಿಲ್ ಆರು, ಮಂಗಳವಾರ, ಊರು ಬಿಡುವ ದಿನ. ಹಿಂದಿನ ದಿನದಿಂದಲೇ ನನಗೆ ಮೈಕೈ ನೋವು, ಗಂಟಲು ಕೆರೆತ. ಬೆಳಿಗ್ಗೆ ಜ್ವರ ಬಂದಿತ್ತು. ಕೊರೊನಾ ಎಂದು ನನಗೆ ಗೊತ್ತಿರಲಿಲ್ಲ, ಟೆಸ್ಟ್ ಮಾಡಿಸಿಕೊಂಡಿರಲಿಲ್ಲ. ಎರಡು ಸೂಜಿಯೂ ಬಿದ್ದವಳಿಗೆ ಇನ್ನೇನು ಬರುತ್ತದೆ, ಓಡಾಟದ ಆಯಾಸ ಎಂದುಕೊಂಡೆ. ಊರಿನ ಇನ್ನೂರು ಜನ ಅಷ್ಟರಲ್ಲಿ ಮನೆಗಳಿಗೆ ಬೀಗ ಹಾಕಿ ಗಡಿಕಲ್ಲಿನ ಹತ್ತಿರ ಸೇರಿದ್ದರು. ನಾನು ಮೊರ ಹಿಡಿದು ನಿಂತೆ. ಟ್ರಾನ್ಸ್‌ಫಾರ್ಮರಿನ ಗುಂಯ್ ಸದ್ದು ಕೇಳುತ್ತಿತ್ತು, ಕಲ್ಲಿಗೆ ಹಚ್ಚಿದ ಅರಿಶಿನ ಇನ್ನೂ ಹಸಿಯಾಗಿತ್ತು. ಜ್ವರ ಇದೆ ಎಂದರೆ ಕಲ್ಯಾಣ ಮಂಟಪ ಮುಚ್ಚುತ್ತದೆ, ಎಲ್ಲರೂ ವಾಪಸ್ಸು, ನನ್ನ ಬಾಗಿಲಿಗೆ ಚೀಟಿ. ನಮ್ಮ ಕೇಂದ್ರದ ಹೊಸ ಹುಡುಗಿ ಬಂದು ಅಂಟಿಸುತ್ತಾಳೆ, ಅಂಗಡಿಯ ಮುಂದೆ ನಿಂತವರು ನೋಡುತ್ತಾರೆ. ಇಷ್ಟೇ ಜಯಶೀಲಾ. ಇದಕ್ಕಿಂತ ದೊಡ್ಡ ಕಾರಣ ನನ್ನ ಹತ್ತಿರ ಇಲ್ಲ. ಆ ಕಾಲದ ಯಜಮಾನರಿಗೆ ವರ್ಷದ ರಾಗಿಯ ಯೋಚನೆಯಾದರೂ ಇತ್ತು.

“ನಮ್ಮನೇಲಿ ಏನೂ ಬಿದ್ದಿಲ್ಲ” ಎಂದೆ. ನನ್ನ ಹಿಂದೆ ನಿಂತ ಹೆಂಗಸರೂ ಒಬ್ಬೊಬ್ಬರಾಗಿ ಹಾಗೇ ಅಂದರು.

ಹಾಲಿನ ಹಿಂದೆ ತಗಡಿನ ಶೆಡ್ಡಿನಲ್ಲಿ ಮೊದಲ ಒಲೆ ಹೂಡಿದೆವು. ಎಸರು ಕುದಿಯುವ ಹೊತ್ತಿಗೆ ನನಗೆ ಜ್ವರ ಏರಿತ್ತು. ವೆಂಕಟಸ್ವಾಮಿ ಸೌದೆ ತಂದವನು ಅಲ್ಲೇ ನಿಂತ. ಮೂಗು ಅರಳಿಸಿ, “ಅತ್ತಿಗೆ, ಏನೋ ಪ್ಲಾಸ್ಟಿಕ್ ಸುಟ್ಟ ವಾಸನೆ” ಎಂದ. ಸೌದೆಗೆ ಕಟ್ಟಿದ ದಾರ ಇರಬೇಕು ಎಂದೆ. ನನ್ನ ಮುಖ ನೋಡಿ, “ಯಾಕೆ ಮುಖ ಹಿಂಗಾಗಿದೆ, ಜ್ವರ ಗಿರ ಇದೆಯಾ?” ಎಂದ. “ಒಲೆ ಕಾವು ಕಣೋ” ಎಂದೆ. “ಕೊಡಿ ಇತ್ಲಾಗೆ, ನಾನು ತಿರುವ್ತೀನಿ” ಎಂದು ನನ್ನ ಕೈಯಿಂದ ಮುದ್ದೆ ಕೋಲು ಕಿತ್ತುಕೊಂಡ. ಎರಡು ಗಂಟೆ ಹೊತ್ತು ಆ ಶೆಡ್ಡಿನಲ್ಲಿ ನನ್ನ ಮಗ್ಗುಲಲ್ಲಿ ನಿಂತು ಇನ್ನೂರು ಜನರ ಹಿಟ್ಟು ತಿರುವಿದ. ಸೂಜಿ ಹಾಕಿಸಿಕೊಂಡು ಬಾ ಎಂದು ಹಿಂದಿನ ವಾರ ನಾನೇ ಅವನಿಗೆ ಹೇಳಿದ್ದೆ, “ಊರು ಬಿಡೋದು ಮುಗೀಲಿ ಅತ್ತಿಗೆ” ಎಂದಿದ್ದ. ನೀನು ಅತ್ತ ಹಾಲಿನೊಳಗೆ ಎಲೆ ಒರೆಸುತ್ತಿದ್ದೆ. ಅವನು ನನಗೆ ಸಹಾಯ ಮಾಡಲು ನಿಂತದ್ದರಿಂದ ಸತ್ತ. ಬೇರೆ ಯಾವ ರೀತಿಯಲ್ಲೂ ಇದನ್ನು ಬರೆಯಲು ಬರುವುದಿಲ್ಲ, ಬರೆದು ನೋಡಿದ್ದೇನೆ.

ನನಗೆ ಮೂರೇ ದಿನಕ್ಕೆ ಜ್ವರ ಬಿಟ್ಟಿತು. ಅವನಿಗೆ ಶನಿವಾರ ಬಂತು. ಆಸ್ಪತ್ರೆಯ ಹಾಸಿಗೆಗೆ ಅಲೆದದ್ದು, ಇಪ್ಪತ್ನಾಲ್ಕನೇ ತಾರೀಖು ಬೆಳಿಗ್ಗೆ ನಿನಗೆ ಫೋನು ಬಂದದ್ದು, ಚಿತಾಗಾರದ ಮುಂದಿನ ಸಾಲು, ಇವನ್ನು ನಿನಗೆ ನಾನು ಹೇಳಬೇಕಾಗಿಲ್ಲ. ಹಾಲಿಗೆ ಬಂದವರಲ್ಲಿ ಹತ್ತೊಂಬತ್ತು ಜನ ಮಲಗಿದರು, ವೆಂಕಟಸ್ವಾಮಿ ಸೇರಿ ಮೂವರು ಹೋದರು.

ಕೇಂದ್ರದಲ್ಲಿ ಸಂಪರ್ಕ ಪಟ್ಟಿ ಬರೆಯಬೇಕಿತ್ತು, ಯಾರಿಂದ ಯಾರಿಗೆ ಎಂದು. ನಮ್ಮ ಡಾಕ್ಟರು, “ಸಿಸ್ಟರ್, ಅದು ನಿಮ್ಮೂರೇ ಅಲ್ವಾ, ನೀವೇ ಬರೀರಿ, ನಿಮಗೆ ಗೊತ್ತಿರುತ್ತೆ” ಎಂದರು. ಮೊದಲನೆಯ ಸಾಲಿನಲ್ಲಿ ನಾನು ಬರೆದೆ: ವೆಂಕಟಸ್ವಾಮಿ, 52 ವರ್ಷ, ಗೋಡೌನ್ ಮೇಲ್ವಿಚಾರಕರು, ನಾಯಂಡಹಳ್ಳಿ. ನನ್ನ ಹೆಸರು ಆ ಪಟ್ಟಿಯಲ್ಲಿ ಎಲ್ಲೂ ಇಲ್ಲ. ಊರಿನಲ್ಲಿ ಯಾರೋ ಕೇಳಿದಾಗಲೂ, ಹೌದು, ಅವನಿಗೇ ಮೊದಲು ಬಂದದ್ದು ಎಂದೆ. ಸಿಸ್ಟರ್ ಹೇಳಿದ ಮೇಲೆ ಮುಗಿಯಿತು. ಆಮೇಲೆ ನೀನು ನಲ್ಲಿಗೆ ಬಂದರೆ ಉಳಿದವರು ಬಿಂದಿಗೆ ಎತ್ತಿಕೊಂಡು ಸರಿಯುತ್ತಿದ್ದದ್ದನ್ನು ನಮ್ಮ ಬಾಗಿಲಲ್ಲಿ ನಿಂತು ನೋಡಿದ್ದೇನೆ. ಹನ್ನೊಂದನೆಯ ದಿನಕ್ಕೆ ಹಾಕಿದ್ದ ಎಲೆಗಳು ಹಾಗೇ ಉಳಿದವು. “ನಿನ್ನ ಗಂಡ ಗೋಡೌನಿಂದ ತಂದ” ಎಂದು ನಿನ್ನ ಮುಖದ ಮೇಲೇ ಅಂದರು. ನೀನು ನನ್ನ ಕಡೆ ನೋಡಿದೆ. ನಾನು ಏನಾದರೂ ಹೇಳುತ್ತೇನೆಂದು ಕಾದೆ. ಆ ಹೊತ್ತು ನಾನು ತಲೆ ತಗ್ಗಿಸಿ ಪಾತ್ರೆ ಜೋಡಿಸುತ್ತಿದ್ದೆ. ಅದೇ ತಿಂಗಳು ನೀನು ಬಾಗಿಲಿಗೆ ಬೀಗ ಹಾಕಿ ಕೆಂಗೇರಿಗೆ ಹೋದೆ. ವಾರಗಿತ್ತಿ ಬಾಯಿ ಬಿಡಲಿಲ್ಲ ಎಂಬ ಸಿಟ್ಟಿಗೆ ನೀನು ಮಾತು ಬಿಟ್ಟಿದ್ದೀಯ ಎಂದು ನನಗೆ ಗೊತ್ತು. ಆ ಸಿಟ್ಟು ಸಾಲದು ಎಂದು ತಿಳಿಸಲು ಬರೆಯುತ್ತಿದ್ದೇನೆ.

ಈ ಸಲ ಊರು ಬಿಡುವುದು ಮಾರ್ಚ್ ಹದಿನೇಳಕ್ಕೆ. ಮೊನ್ನೆ ಬೀದಿಯಲ್ಲಿ ಪಟ್ಟಿ ಹಾಕುತ್ತಾ ಕೂತವರಲ್ಲಿ ಒಬ್ಬ, “ಈ ಸಲ ಗೋಡೌನ್‌ನೋರು ಯಾರೂ ಬರ್ದೇ ಇದ್ರೆ ಸಾಕಪ್ಪ” ಎಂದ. ಎಲ್ಲರೂ ನಕ್ಕರು. ಹತ್ತು ವರ್ಷದ ಮಗುವೊಂದು, ಗೋಡೌನ್‌ನೋರು ಅಂದ್ರೆ ಯಾರು ಎಂದು ಕೇಳಿತು. ಅದರಮ್ಮ ಕಥೆ ಶುರು ಮಾಡಿದಳು. ನಾಯಂಡಹಳ್ಳಿಯಲ್ಲಿ ಒಬ್ಬ ಇದ್ದ, ಅಲ್ಲಿಂದ ತಂದ, ಇಡೀ ಹಾಲಿಗೆ ಹಂಚಿದ ಎಂದು. ಸಣ್ಣಮ್ಮನ ಕಥೆ ಹೇಳುವ ರಾಗದಲ್ಲೇ ಹೇಳಿದಳು. ನನ್ನ ಕಣ್ಣ ಮುಂದೆಯೇ ವೆಂಕಟಸ್ವಾಮಿ ಕಥೆಯಾಗಿಬಿಟ್ಟ. ಇನ್ನು ನೂರು ವರ್ಷ ಒಲೆಯ ಮುಂದೆ ಅವನ ಹೆಸರು ಹೀಗೇ ಬರುತ್ತದೆ, ಗಗನಾಳ ಮಕ್ಕಳೂ ಕೇಳುತ್ತಾರೆ.

ಶುಕ್ರವಾರ ಗುರುಬಸಪ್ಪನವರ ಹತ್ತಿರ ಹೋಗಿದ್ದೆ. ಹಾಲಿನೊಳಗೆ ಬೇಡ, ಮುಂದಿನ ಪಾರ್ಕಿಂಗ್ ಜಾಗದಲ್ಲಿ ಒಂದೊಂದು ಮನೆಗೆ ಒಂದೊಂದು ಒಲೆ ಹೂಡೋಣ, ಹತ್ತು ಹತ್ತು ಹೆಜ್ಜೆ ದೂರ, ಹಿಂದೆ ಇದ್ದದ್ದೇ ಹಾಗೆ ಎಂದೆ. “ವಿಮಲಕ್ಕ, ಹಾಲಿಗೆ ಈಗ ಎಸಿ ಹಾಕ್ಸಿದೀನಿ, ನೀವು ಬಿಸ್ಲಲ್ಲಿ ಕೂರ್ತೀನಿ ಅಂತೀರಲ್ಲ” ಎಂದು ಬೇಜಾರು ಮಾಡಿಕೊಂಡರು. ಒಂದು ಗಂಟೆ ವಾದ ಮಾಡಿ ಶಾಮಿಯಾನದ ಮಾತಿಗೆ ಬಂದು ನಿಂತಿದ್ದೇವೆ. ಮೂರು ಕಡೆ ತೆರೆದೇ ಇರಬೇಕು ಎಂದಿದ್ದೇನೆ.

ಒಲೆಯ ವಿಷಯ ಇಷ್ಟು. ಮೊರದ ವಿಷಯ ಅವರಿಗೆ ಹೇಳಿಲ್ಲ. ಆವತ್ತು ಬೆಳಿಗ್ಗೆ ನಾನು ಮೊದಲು ನಿಲ್ಲುತ್ತೇನೆ. ನಿಂತು, ಹೋದ ಸಲ ನಮ್ಮ ಮನೆಯಲ್ಲಿ ಬಿದ್ದಿತ್ತು, ನಾನು ಮುಚ್ಚಿಟ್ಟೆ, ವೆಂಕಟಸ್ವಾಮಿ ತಂದದ್ದಲ್ಲ, ನನ್ನಿಂದ ಅವನಿಗೆ ಬಂದದ್ದು ಎಂದು ಹೇಳುತ್ತೇನೆ. ಸಣ್ಣಮ್ಮನದನ್ನೂ ಹೇಳುತ್ತೇನೆ. ಅವಳ ಪರವಾಗಿ ಕೇಳುವವರು ಯಾರೂ ಉಳಿದಿಲ್ಲ, ಆದರೂ ಕಲ್ಲು ಅದೇ ಇದೆಯಲ್ಲ. ಕಟ್ಟಳೆಯಂತೆ ನನಗೆ ಹತ್ತು ದಿನ ಯಾರಾದರೂ ಊಟ ಇಡುತ್ತಾರೆಂದು ನಾನು ಕಾಯುವುದಿಲ್ಲ, ಅದು ಹೊತ್ತಿಗೆ ಸರಿಯಾಗಿ ನಿಜ ಹೇಳಿದವರಿಗೆ ಇದ್ದದ್ದು. ಕೇಂದ್ರದ ಈಗಿನ ಡಾಕ್ಟರಿಗೂ ಪಟ್ಟಿ ತಿದ್ದಬೇಕೆಂದು ಅರ್ಜಿ ಬರೆದಿಟ್ಟಿದ್ದೇನೆ. ಐದು ವರ್ಷದ ಹಳೆಯ ಪಟ್ಟಿಯನ್ನು ಯಾರು ಹುಡುಕುತ್ತಾರೋ ಗೊತ್ತಿಲ್ಲ, ಅರ್ಜಿಯಂತೂ ಹೋಗುತ್ತದೆ.

ನಿನ್ನ ಭಾವನಿಗೆ ಇನ್ನೂ ಹೇಳಿಲ್ಲ. ಅವರು ದಿನಾ ಬೆಳಿಗ್ಗೆ ತಮ್ಮನ ಫೋಟೊ ಒರೆಸಿಯೇ ಕಾಫಿ ಕುಡಿಯುವುದು. ಈ ಕಾಗದವನ್ನು ಅಂಚೆ ಡಬ್ಬಕ್ಕೆ ಹಾಕಿ ಬಂದು ಅವರ ಎದುರು ಕೂರುತ್ತೇನೆ. ಮೊದಲು ಹೇಳಿದರೆ ಬರೆಯುವ ಧೈರ್ಯ ಉಳಿಯುತ್ತದೋ ಇಲ್ಲವೋ ಎಂಬ ಭಯ.

ಕ್ಷಮಿಸು ಎಂದು ಬರೆದಿಲ್ಲ, ಗಮನಿಸಿರಬೇಕು. ಕೇಳಿದರೆ ಕೊಡಬೇಕೋ ಬೇಡವೋ ಎಂಬ ಹೊರೆಯನ್ನೂ ನಿನ್ನ ತಲೆಗೇ ಹಾಕಿದ ಹಾಗಾಗುತ್ತದೆ. ನೀನು ಬರಲಿ ಬಿಡಲಿ, ನಾನು ಹೇಳುವುದು ಹೇಳುತ್ತೇನೆ. ಕಾಮಾಕ್ಷಿಪಾಳ್ಯದ ಮೇದರ ಅಂಗಡಿಯಿಂದ ಎರಡು ಹೊಸ ಮೊರ ತಂದಿಟ್ಟಿದ್ದೇನೆ. ನೀನೀಗ ಬೇರೆ ಮನೆಯ ಹಿರಿಯಳು, ನಿನ್ನ ಮನೆಗೆ ನಿನ್ನದೇ ಮೊರ ಇರಬೇಕು. ನೀನು ನನ್ನ ಹಿಂದೆ ನಿಲ್ಲಬೇಕಾಗಿಲ್ಲ. ಬಂದರೆ ನೀನೇ ಮೊದಲು ನಿಂತು ನಿನ್ನ ಮಾತು ಹೇಳು, ನಾನು ಆಮೇಲೆ ಹೇಳುತ್ತೇನೆ. ಬರದಿದ್ದರೆ ಆ ಮೊರವನ್ನು ಗಗನಾಳ ಕೈಲಿ ಕಳಿಸುತ್ತೇನೆ, ಬರೀ ರಾಗಿ ಕೇರಲಿಕ್ಕಾದರೂ ಆದೀತು.

ನಿನ್ನ ಮನೆ ಜಗುಲಿಯ ದಾಸವಾಳ ಇನ್ನೂ ಇದೆ. ನೀರು ಹಾಕುತ್ತಿದ್ದೇನೆ.

ಇಂತಿ,
ವಿಮಲಾ

ಮತ್ತೆ ಬರೆಯುವುದೇನೆಂದರೆ: ಸಹಿ ಹಾಕಿ ಮೊದಲಿನಿಂದ ಓದಿದೆ. ಟೆಸ್ಟ್ ಮಾಡಿಸಿಕೊಂಡಿರಲಿಲ್ಲ ಎಂಬ ಸಾಲಿನ ಮೇಲೆ ಗೆರೆ ಎಳೆದು ಪಕ್ಕದಲ್ಲಿ ಸಹಿ ಮಾಡಿದ್ದೇನೆ, ನೋಡು. ಆ ಸಾಲು ಸುಳ್ಳು. ಬೇರೆ ಹಾಳೆಯಲ್ಲಿ ತಿದ್ದಿ ಬರೆಯಬಹುದಿತ್ತು, ಆದರೆ ಇಂಥ ಕಾಗದದಲ್ಲೂ ನನ್ನ ಕೈ ಏನು ಮಾಡುತ್ತದೆಂದು ನಿನಗೆ ತಿಳಿದಿರಲಿ ಎಂದು ಹಾಗೇ ಬಿಟ್ಟಿದ್ದೇನೆ. ಆವತ್ತು ಬೆಳಿಗ್ಗೆ ಬಚ್ಚಲಿನಲ್ಲಿ, ಬ್ಯಾಗಿನಲ್ಲಿದ್ದ ಕಿಟ್ಟಿನಿಂದ ನಾನೇ ಟೆಸ್ಟ್ ಮಾಡಿಕೊಂಡೆ. ಐದೇ ನಿಮಿಷಕ್ಕೆ ಎರಡು ಗೆರೆ ಬಂತು. ಕಿಟ್ಟಿನ ಆ ಪ್ಲಾಸ್ಟಿಕ್ ತುಂಡನ್ನು ಮನೆಯಲ್ಲಿ ಬಿಸಾಡಲು ಹೆದರಿ ಜೊತೆಗೇ ತಂದು ಮೊದಲ ಒಲೆಗೆ ಹಾಕಿದೆ. ವೆಂಕಟಸ್ವಾಮಿಗೆ ಬಂದ ವಾಸನೆ ಅದರದ್ದು. ಗಡಿಕಲ್ಲಿನ ಮುಂದೆ ಖಾಲಿ ಮೊರ ತೋರಿಸಿ ಏನೂ ಬಿದ್ದಿಲ್ಲ ಎಂದಾಗ ಅದು ನನ್ನ ಸೆರಗಿನ ಗಂಟಿನಲ್ಲೇ ಇತ್ತು.